ಕಂದೀಲಪ್ಪನ ವಾರಸಾ ಪ್ರಕರಣ

ತುಸು ಹತ್ತಿರ ಬರ್ರಿ. ಕದಾ ಮುಂದಕ್ಕೆ ಮಾಡ್ರಿ, ಪೂರ್ತಿ ಹಾಕಬ್ಯಾಡ್ರಿ, ಪೂರ್ತಿ ಹಾಕಿದರೆ ಒಳಗೆ ಏನೋ ನಡದೈತಿ ಅಂತ ಮಂದಿ ಕಿವಿ ಹಚ್ಚುತ್ತಾರೆ. ಈ ಮಾತನ್ನು ಇಲ್ಲೇ ಕೇಳಿ ಇಲ್ಲೇ ಬಿಡಬೇಕು. ಆಣಿ ಪ್ರಮಾಣ ಏನೂ ಬೇಡ, ನಿಮ್ಮ ನಾಲಿಗೆಯ ಮೇಲೆ ಭರವಸೆ ಇದೆ. ಇದೇ ಭರವಸೆಯ ಮೇಲೆ ಈ ಸುದ್ದಿಯನ್ನು ಈಗಾಗಲೇ ಹನ್ನೊಂದು ಮನೆಗಳಿಗೆ ತಿಳಿಸಲಾಗಿದೆ. ಊರಿನ ಹೆಸರು ಮಾತ್ರ ಕೇಳಬಾರದು. ಬೈಲಹೊಂಗಲದಿಂದ ನೇಸರಗಿ ಕಡೆ ಹೋಗುವ ಬಸ್ಸಿನಲ್ಲಿ ಕೂತು, ಯಾವ ಊರಿನ ಹೆಸರು ಕೂಗುವಾಗ ಕಂಡಕ್ಟರಿಗೆ ನಗು ಬರುತ್ತದೋ ಆ ಊರು ಅಂತ ತಿಳಿಯಿರಿ.

ಸಂಗತಿ ಇಷ್ಟು. ಸನ್ ಎರಡು ಸಾವಿರದ ನಾಲ್ಕನೆಯ ಇಸವಿ, ಜೂನ್ ಮೂವತ್ತನೆಯ ತಾರೀಖು, ಬುಧವಾರ, ಸಂಜೆ ಐದು ಗಂಟೆಯೊಳಗೆ ಸದರಿ ಊರಿನ ಚಾವಡಿಯ ದಫ್ತರದಲ್ಲಿ ಕಂದೀಲಪ್ಪ ಎಂಬ ಇಸಮನು ಗುರುಬಸವ್ವನ ದತ್ತಕ ಮಗನೆಂದು ನಮೂದಾದನು. ಗುರುಬಸವ್ವನಿಗೆ ಆಗ ಅರವತ್ತೆರಡು ವರ್ಷ. ಗಂಡ ಬಸವಲಿಂಗಪ್ಪ ಗಟ್ಟಿಮುಟ್ಟಾಗಿದ್ದ. ಹೊಟ್ಟೆಯಲ್ಲಿ ಹುಟ್ಟಿದ ಮಗ ಮಧು ಮೂವತ್ತು ದಾಟಿದ್ದ. ಕಂದೀಲಪ್ಪ ಇರುವುದು ಟೀವಿಯ ಒಳಗೆ. ಇದರಲ್ಲಿ ಊರಿನ ಯಾರಿಗೂ ವಿಶೇಷವೇನೂ ಕಾಣಲಿಲ್ಲ. ಕಂಡಿದ್ದರೆ ತಕರಾರು ಕೊಡಲು ನಿಯಮ ಇತ್ತು, ಯಾರೂ ಕೊಡಲಿಲ್ಲ.

ಇದು ಶುರುವಾದದ್ದು ತೊಂಬತ್ತೆರಡರ ದೀಪಾವಳಿಗೆ. ಗುರುಬಸವ್ವನ ತಮ್ಮ ಹುಬ್ಬಳ್ಳಿಯಿಂದ ಬರುವಾಗ ಅಳಿಯನಿಗೆಂದು ಟೀವಿಗೆ ಸಿಗಿಸುವ ಆಟದ ಡಬ್ಬಿ ತಂದ. ಡಬ್ಬಿಯ ಮೇಲೆ ಒಂದು ಕ್ಯಾಸೆಟ್ ಒತ್ತಿ ಕೂಡಿಸಬೇಕು, ಗುಂಡಿಗಳಿರುವ ಹಿಡಿಕೆ ಕೈಯಲ್ಲಿ ಹಿಡಿಯಬೇಕು, ಒಳಗಿನ ಮನುಷ್ಯ ನಾವು ಹೇಳಿದಂತೆ ಕೇಳುತ್ತಾನೆ. ಮಧು ಎಂಟು ದಿನ ಆಡಿ, ಬೇಸರ ಬಂದು, ಅಗಸಿಯ ಕಟ್ಟೆಯ ಮೇಲೆ ಕೂಡಲು ಹೋದ. ಇವತ್ತಿಗೂ ಅಲ್ಲೇ ಇದ್ದಾನೆ. ಒಂಬತ್ತನೆಯ ದಿನ ಗುರುಬಸವ್ವ ಮೊರದಲ್ಲಿ ಜೋಳ ಹಸನ ಮಾಡುತ್ತ ಟೀವಿಯ ಮುಂದೆ ಕೂತಿದ್ದಳು. ಹೇಳಿದಂತೆ ಕೇಳುವ ಗಂಡಸು ಮನೆಯಲ್ಲಿ ಒಬ್ಬನೂ ಇಲ್ಲದ ಹೆಂಗಸು, ಸುಮ್ಮನೆ ನೋಡೋಣವೆಂದು ಹಿಡಿಕೆ ಎತ್ತಿಕೊಂಡಳು. ಆ ಜೋಳ ಹಸನಾಗಲೇ ಇಲ್ಲ. ಮರುದಿನ ಬಸವಲಿಂಗಪ್ಪನ ರೊಟ್ಟಿಯಲ್ಲಿ ಹರಳು ಸಿಕ್ಕವು. ಅವನು ಉಗುಳಿ ಉಂಡ. ಮುಂದಿನ ಹನ್ನೆರಡು ವರ್ಷವೂ ಉಗುಳಿಯೇ ಉಂಡ.

ಆಟದೊಳಗೆ ಒಬ್ಬ ಗಿಡ್ಡ ಮನುಷ್ಯ, ಕೈಯಲ್ಲಿ ಕಂದೀಲು. ಒಂಬತ್ತು ಗವಿ ದಾಟಬೇಕು, ಗವಿಗೊಬ್ಬ ಬಾವಲಿ ರಾಜ. ಬಾವಲಿಯ ಮುಖಕ್ಕೆ ಕಂದೀಲು ಹಿಡಿದರೆ ಅದು ಸಾಯುತ್ತದೆ, ಹಿಡಿಯದಿದ್ದರೆ ಅವನು ಸಾಯುತ್ತಾನೆ. ಆಟದ ಹೆಸರು ಯಾವುದೋ ದೇಶದ ಅಕ್ಷರದಲ್ಲಿತ್ತು. ತಿಳಿಯದ ಅಕ್ಷರಕ್ಕೆ ಗುರುಬಸವ್ವ ಅಂಜುವವಳಲ್ಲ, ತಿಳಿಯುವ ಅಕ್ಷರವೇ ಆಕೆಗೆ ನಾಲ್ಕಾರು ಇದ್ದವು. ಕಂದೀಲಪ್ಪ ಎಂದು ತಾನೇ ಹೆಸರಿಟ್ಟಳು. ತೊಂಬತ್ತನಾಲ್ಕರಲ್ಲಿ ಅವನ ಎರಡನೆಯ ಕ್ಯಾಸೆಟ್ ಬಂತು, ತೊಂಬತ್ತಾರರಲ್ಲಿ ಮೂರನೆಯದು. ಮೂರನೆಯದರ ಒಂಬತ್ತನೆಯ ಗವಿ ದಾಟಲು ಆಕೆಗೆ ಹದಿನಾಲ್ಕು ತಿಂಗಳು ಹಿಡಿಯಿತು. ದಾಟಿದ ದಿನ ಟೀವಿಯಲ್ಲಿ ಒಂದು ದೊಡ್ಡ ಬಾಗಿಲು ಬಂತು. ದಪ್ಪ ಹಲಗೆ, ಹಿತ್ತಾಳೆಯ ಬಳೆ. ಕಂದೀಲಪ್ಪ ಅದರ ಮುಂದೆ ನಿಂತು ಕಂದೀಲು ಎತ್ತಿ ಹಿಡಿದ. ಬಾಗಿಲು ಎರಡು ಬೆರಳಿನಷ್ಟು ಅಲುಗಿತು. ಅಷ್ಟಕ್ಕೆ ಟೀವಿ ಕಪ್ಪಾಗಿ ಆಟ ಮುಗಿಯಿತು.

ಬಾಗಿಲಿನ ಹಿಂದೆ ಏನಿದೆ ಎನ್ನುವುದು ಅಂದಿನಿಂದ ಗುರುಬಸವ್ವನ ತಲೆಯೊಳಗೆ ಹೊಕ್ಕು ಕೂತಿತು. ಅವನ ಹಡೆದವ್ವ ಇರಬೇಕು ಎಂದು ಒಂದು ದಿನ ಅನ್ನಿಸುತ್ತಿತ್ತು, ಸೆರೆಯಲ್ಲಿಟ್ಟ ತಮ್ಮ ಇರಬೇಕು ಎಂದು ಇನ್ನೊಂದು ದಿನ. ಪಕ್ಕದ ಮನೆಯ ಕಾಡವ್ವನ ಅಡುಗೆಮನೆಯ ಕಿಡಕಿ ಸರಿಯಾಗಿ ಈ ಟೀವಿಯ ಎದುರಿಗೆ ಬರುತ್ತಿತ್ತು. ಆಕೆ ಒಗ್ಗರಣೆ ಹಾಕುತ್ತಲೇ ಮೂರೂ ಕ್ಯಾಸೆಟ್ ನೋಡಿ ಮುಗಿಸಿದ್ದಳು. ಬಾಗಿಲಿನ ಹಿಂದೆ ಕೊಪ್ಪರಿಗೆ ಹೊನ್ನು ಇದೆ ಎನ್ನುವುದು ಕಾಡವ್ವನ ವಾದ. ಬಸವಲಿಂಗಪ್ಪನನ್ನು ಕೇಳಿದರೆ, ಹಿತ್ತಲ ಇರತೈತಿ, ಎಲ್ಲಾ ಮನಿಗೂ ಇರತೈತಿ ಅಂದ. ಅವನೊಡನೆ ಆಕೆ ಎರಡು ದಿನ ಮಾತು ಬಿಟ್ಟಳು.

ನಾಲ್ಕನೆಯ ಕ್ಯಾಸೆಟ್ಟಿನಲ್ಲಿ ಬಾಗಿಲು ತೆರೆಯುವುದು ಖಚಿತವಿತ್ತು. ಅದಕ್ಕೇ ಸಂತೆಗೆ ಹೋದಾಗಲೆಲ್ಲ ಬೈಲಹೊಂಗಲದಲ್ಲಿ ಕ್ಯಾಸೆಟ್ ಮಾರುವ ಮಾಂತೇಶನ ಅಂಗಡಿಯ ಮೆಟ್ಟಿಲು ಹತ್ತಿ, ಬಂತೇನೋ ಎಂದು ಕೇಳುವಳು. ಹಡಗದಾಗ ಐತಿ ಯವ್ವಾ ಎಂದು ಮಾಂತೇಶ ಹೇಳುವನು. ಏಳು ವರ್ಷ ಹೇಳಿದ. ಅಷ್ಟು ವರ್ಷ ನೀರಿನಲ್ಲಿದ್ದ ಹಡಗು ಯಾವುದು ಎಂದು ಗುರುಬಸವ್ವ ಕೇಳಲಿಲ್ಲ. ನಂಬಿದವರು ಹಡಗಿನ ಲೆಕ್ಕ ಕೇಳುವುದಿಲ್ಲ.

ಎರಡು ಸಾವಿರದ ನಾಲ್ಕರ ಜೂನ್ ತಿಂಗಳ ಕಡೆಯ ಶನಿವಾರ ಹಡಗು ಬಂತು. ಡಬ್ಬಿಯ ಮೇಲೆ ಕಂದೀಲಿನ ಚಿತ್ರವೂ ಇತ್ತು, ಬಾಗಿಲಿನ ಚಿತ್ರವೂ ಇತ್ತು. ಗುರುಬಸವ್ವ ಬಸ್ಸಿನಲ್ಲಿ ಅದನ್ನು ಸೆರಗಿನೊಳಗೆ ಹಿಡಿದುಕೊಂಡೇ ಬಂದಳು. ಮನೆಗೆ ಬಂದು, ಕೈಕಾಲು ತೊಳೆದು, ವಿಭೂತಿ ಧರಿಸಿ, ಕಿಡಕಿಯಲ್ಲಿ ಕಾಡವ್ವನನ್ನು ಕರೆದು ನಿಲ್ಲಿಸಿ, ಕ್ಯಾಸೆಟ್ ಒತ್ತಿದಳು.

ಗವಿ ಬರಲಿಲ್ಲ. ಅಂಗಡಿ ಬಂತು.

ಕಂದೀಲಪ್ಪ ಕಿರಾಣಿ ಅಂಗಡಿ ಹಾಕಿದ್ದ. ಕಂದೀಲು ಗೂಟಕ್ಕೆ ಜೋತುಬಿದ್ದಿತ್ತು, ದೀಪ ಹಚ್ಚಿರಲಿಲ್ಲ. ಆ ಬಾಗಿಲನ್ನು, ಏಳು ವರ್ಷ ಕಾದ ಆ ಬಾಗಿಲನ್ನು, ಚೌಕಟ್ಟಿನಿಂದ ಕಿತ್ತು ಅಡ್ಡ ಮಲಗಿಸಿ ಮೇಜು ಮಾಡಿದ್ದರು. ಮೇಲೆ ತಕ್ಕಡಿ, ತಕ್ಕಡಿಯ ಪಕ್ಕದಲ್ಲಿ ಬೆಲ್ಲದ ಪೆಂಟಿ. ಒಂಬತ್ತು ಗವಿಯ ಒಂಬತ್ತು ಬಾವಲಿ ರಾಜರು ಕೈಚೀಲ ಹಿಡಿದು ಸರದಿಯಲ್ಲಿ ನಿಂತಿದ್ದರು. ಒಂದು ಗುಂಡಿ ಒತ್ತಿದರೆ ಬೆಲ್ಲ ತಕ್ಕಡಿಗೆ ಬೀಳುತ್ತಿತ್ತು, ಇನ್ನೊಂದು ಒತ್ತಿದರೆ ಪೊಟ್ಟಣ ಕಟ್ಟುತ್ತಿತ್ತು. ತೂಕ ಸರಿಯಾದರೆ ಬಾವಲಿ ನಮಸ್ಕಾರ ಮಾಡಿ ಹೋಗುತ್ತಿತ್ತು. ಹದಿನಾಲ್ಕು ತಿಂಗಳು ತನ್ನ ಕಣ್ಣು ಹಾಳುಮಾಡಿದ ಒಂಬತ್ತನೆಯ ರಾಜ ಬಂದು ಎರಡು ಕಿಲೋ ಶೇಂಗಾ ಕೇಳಿದಾಗ ಗುರುಬಸವ್ವ ಹಿಡಿಕೆ ಕೆಳಗಿಟ್ಟಳು. ಆ ರಾತ್ರಿ ಉಣ್ಣಲಿಲ್ಲ. ಬಸವಲಿಂಗಪ್ಪ ಉಂಡ, ಒಂದ ಕಡೆ ಕುಂತನಲ್ಲ, ಚೊಲೊ ಆತು ಅಂದ.

ಸೋಮವಾರ ಮೊದಲ ಬಸ್ಸಿಗೆ ಆಕೆ ಮಾಂತೇಶನ ಅಂಗಡಿಗೆ ಹೋಗಿ ಕ್ಯಾಸೆಟ್ ಮೇಜಿನ ಮೇಲೆ ಕುಕ್ಕಿ, ಇದು ನಮ್ಮ ಕಂದೀಲಪ್ಪಂದಲ್ಲ ಅಂದಳು. ಅವನ ಮುಂದೆ ಹತ್ತು ಮಂದಿ ನಿಂತಿದ್ದರು. ಕಂದೀಲು ಇದೆ, ಬಾಗಿಲು ಇದೆ, ಅದೇ ಕಂಪನಿ, ಅವನದೇ ಪೀಳಿಗೆ ಎಂದು ಮಾಂತೇಶ ತಿಳಿಸಿ ಹೇಳಿದ. ಆಕೆ ಕದಲಲಿಲ್ಲ. ಕಡೆಗೆ ಆಕೆಯನ್ನು ಮೆಟ್ಟಿಲು ಇಳಿಸಬೇಕೆಂದು ಒಂದು ಮಾತು ಅಂದುಬಿಟ್ಟ.

“ಯವ್ವಾ, ಇದು ಅವನ ಪೀಳಿಗಿ ಅಲ್ಲ ಅಂತ ಒಂದ ಕಾಗದಾ ತರ್ರಿ, ಶಿಕ್ಕಾ ಇರಬೇಕ ಮತ್ತ. ಕಂಪನಿಗೆ ಕಳಸ್ತೇನಿ. ಖರೇ ನಾಕನೇದ ಕೊಡಲೇಬೇಕಾಗ್ತೈತಿ ಅವರಿಗೆ.”

ಅವನು ಮರೆತ, ಆಕೆ ಮರೆಯಲಿಲ್ಲ. ಯಾರು ಯಾರ ಪೀಳಿಗೆ ಎಂದು ಶಿಕ್ಕಾ ಹೊಡೆದು ಕೊಡುವ ಜಾಗ ನಮ್ಮ ಕಡೆ ಒಂದೇ, ಊರ ಚಾವಡಿ. ಮಣ್ಣಾದವನ ಹೊಲ ಯಾರ ಹೆಸರಿಗೆ ಹೋಗಬೇಕೆಂದು ವಾರಸಾ ಬರೆಯುವುದು ಅಲ್ಲಿಯೇ. ಕಾಗದ ಸಿಕ್ಕರೆ ನಾಲ್ಕನೆಯ ಕ್ಯಾಸೆಟ್, ಕ್ಯಾಸೆಟ್ ಸಿಕ್ಕರೆ ಬಾಗಿಲು. ಗುರುಬಸವ್ವ ಬಸ್ಸಿನಿಂದ ಇಳಿದವಳು ಮನೆಗೂ ಹೋಗದೆ ಚಾವಡಿಗೆ ನಡೆದಳು.

ಊರಿನ ಹೊಲಗಳ ಲೆಕ್ಕ ಬರೆಯುವ ತಲಾಠಿ ವಿರೂಪಾಕ್ಷ ಆಗ ಬಹಳ ತೊಂದರೆಯಲ್ಲಿದ್ದ. ಆ ತಿಂಗಳು ವಾರಸಾ ವಿಲೇವಾರಿ ಮಾಸವೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಪ್ರತಿಯೊಂದು ಚಾವಡಿಯು ಜೂನ್ ಮೂವತ್ತರೊಳಗಾಗಿ ನೂರು ಪ್ರಕರಣಗಳನ್ನು ತಪ್ಪದೆ ವಿಲೇವಾರಿ ಮಾಡತಕ್ಕದ್ದು. ಈ ಊರಿನಲ್ಲಿ ವಾರಸಾ ಬಾಕಿ ಇಟ್ಟು ಸತ್ತವರು ತೊಂಬತ್ತೊಂಬತ್ತೇ ಮಂದಿ. ಊರಿನವರು ಸಹಕರಿಸಿರಲಿಲ್ಲ. ವಿರೂಪಾಕ್ಷ ಹದಿನೈದು ದಿನಗಳಿಂದ ಮುಪ್ಪಾದವರ ಮನೆಗಳ ಮುಂದೆ ಸೈಕಲ್ ನಿಲ್ಲಿಸಿ, ಆರಾಮ ಅದೀರೇನ್ರಿ ಎಂದು ಕೇಳಿ, ಆರಾಮ ಅದೇನಿ ಎನ್ನಿಸಿಕೊಂಡು ಸಪ್ಪಗೆ ವಾಪಸು ಬರುತ್ತಿದ್ದ. ಅವನ ಸೈಕಲ್ಲಿನ ಗಂಟೆ ಕೇಳಿದರೆ ಮುದುಕರು ಕೆಮ್ಮನ್ನು ತಡೆದುಕೊಳ್ಳುತ್ತಿದ್ದರು. ಗುರುಬಸವ್ವ ಬಂದು ವಾರಸಾದ ಮಾತು ಎತ್ತಿದ ಕೂಡಲೆ ಎದ್ದು ನಿಂತು ಕುರ್ಚಿ ಕೊಟ್ಟ. ಆ ಚಾವಡಿಯಲ್ಲಿ ಹೆಂಗಸೊಬ್ಬಳು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು, ಅದನ್ನು ಹನ್ನೊಂದು ಮನೆಯವರೂ ಒಪ್ಪಿದ್ದಾರೆ.

ಮಯತ ಆದವರ, ಅಂದರೆ ಸತ್ತವರ, ಹೆಸರು ಕೇಳಿದ, ಆಕೆ ಕಂದೀಲಪ್ಪ ಅಂದಳು. ವೃತ್ತಿ ಕೇಳಿದ, ಗವಿಯಲ್ಲಿ ತಿರುಗಾಡುವುದು ಅಂದಳು. ಇರುವ ಜಾಗ ಕೇಳಿದ, ಟೀವಿ ಅಂದಳು. ವಿರೂಪಾಕ್ಷ ಸುತ್ತೋಲೆ ಕೈಗೆತ್ತಿಕೊಂಡ. ಸುತ್ತೋಲೆಯಲ್ಲಿ ಸತ್ತವನು ಟೀವಿಯ ಹೊರಗಿನವನೇ ಆಗಿರತಕ್ಕದ್ದು ಎಂದು ಎಲ್ಲಿಯೂ ಬರೆದಿರಲಿಲ್ಲ. ಅವನು ಎರಡು ಸಲ ತಿರುವಿ ನೋಡಿ ಮುಂದುವರಿದ.

“ಯಾವಾಗ ತೀರಿಕೊಂಡ್ರು?”

ಗುರುಬಸವ್ವ ಸುಳ್ಳು ಹೇಳುವವಳಲ್ಲ. “ದಿನಾ ತೀರಕೋತಾನ್ರಿ. ಮೂರ ಜೀವ ಇರತಾವ, ಮೂರೂ ಹೋಕ್ಕಾವ. ಐದನೇ ಗವ್ಯಾಗ ಜಾಸ್ತಿ.”

ವಿರೂಪಾಕ್ಷ ಬರೆದ: ‘ಮಯತ ದಿನಾಂಕ, ಪ್ರತಿದಿನ. ಸ್ಥಳ, ಐದನೆಯ ಗವಿ. ಕಾರಣ, ಬಾವಲಿ.’ ಮೂರು ಜೀವಕ್ಕೆ ಮೂರು ಪ್ರಕರಣ ಮಾಡಿದರೆ ನೂರಾ ಎರಡಾಗುತ್ತದೆ ಎಂಬ ವಿಚಾರವೂ ಅವನಿಗೆ ಬಂತು. ಆದರೆ ಗುರಿ ಮೀರಿದ ಚಾವಡಿಗೆ ಮುಂದಿನ ವರ್ಷ ಗುರಿ ಏರಿಸುತ್ತಾರೆ. ಒಂದಕ್ಕೇ ನಿಲ್ಲಿಸಿದ.

ಅಂಗಡಿಯವನು ಇವನ ವಾರಸದಾರನಲ್ಲ ಎಂದು ಕಾಗದ ಕೊಡ್ರಿ ಎಂದು ಗುರುಬಸವ್ವ ಕೇಳಿದಳು. ಅಲ್ಲ ಎನ್ನುವ ಕಾಗದ ಸರಕಾರದಲ್ಲಿ ಇಲ್ಲ ಎಂದು ವಿರೂಪಾಕ್ಷ ಸಮಾಧಾನವಾಗಿ ತಿಳಿಸಿದ. ಹೌದು ಎನ್ನುವುದಕ್ಕೆ ಮಾತ್ರ ಛಾಪಿಸಿದ ನಮೂನೆ ಇದೆ. ಆದ್ದರಿಂದ ಅಂಗಡಿಯವನೇ ವಾರಸದಾರ ಎಂದು ಮೊದಲು ಅರ್ಜಿ ಹಾಕಬೇಕು, ಆಮೇಲೆ ಆಕೆ ಅದಕ್ಕೆ ತಕರಾರು ಕೊಡಬೇಕು, ತಕರಾರು ಗೆದ್ದರೆ ಅಲ್ಲ ಎಂದ ಹಾಗೆ ಆಗುತ್ತದೆ. ಅಂಗಡಿಯವನು ಸ್ವತಃ ಬಂದು ಅರ್ಜಿ ಹಾಕಲಾರನಾದ್ದರಿಂದ ಅವನ ಪರವಾಗಿ ಗುರುಬಸವ್ವನೇ ಹೆಬ್ಬೆಟ್ಟು ಒತ್ತಿದಳು. ಹೀಗೆ ತನ್ನ ವಿರುದ್ಧದ ಮೊದಲನೆಯ ಕಾಗದಕ್ಕೆ ತಾನೇ ಶಾಯಿ ಹಚ್ಚಿದಳು.

ಮರುದಿನ ಪಂಚರು ಬಂದರು. ಹಿರಿಯ ಪಂಚ ಮಡಿವಾಳೆಪ್ಪ, ಜೊತೆಗೆ ಶಂಕ್ರೆಪ್ಪ. ಮಡಿವಾಳೆಪ್ಪ ನಲವತ್ತು ವರ್ಷದಿಂದ ಊರಿನ ಎಲ್ಲ ಪಂಚನಾಮೆಗಳಿಗೆ ಸಹಿ ಹಾಕುತ್ತ ಬಂದವನು. ನೋಡದೆ ಹಾಕುವುದು ಅವನ ಪದ್ಧತಿ, ನೋಡಿದರೆ ಮನಸ್ಸು ಆ ಕಡೆ ಈ ಕಡೆ ಆಗುತ್ತದೆ ಎನ್ನುವನು. ಟೀವಿ ಎಂದ ಕಾರಣ ಈ ಸಲ ಮಾತ್ರ ನೋಡಿಯೇ ಹಾಕುತ್ತೇನೆಂದು ಬಂದ. ಸೊಸೆ ಉಮಾಶ್ರೀ ಚುರುಮುರಿ, ಚಹಾ ಕೊಟ್ಟಳು. ಗುರುಬಸವ್ವ ಮೂರನೆಯ ಕ್ಯಾಸೆಟ್ ಹಾಕಿ, ಐದನೆಯ ಗವಿಯಲ್ಲಿ ಪಂಚರ ಸಮಕ್ಷಮ ಕಂದೀಲಪ್ಪನನ್ನು ಮೂರು ಸಲ ಕಳೆದುಕೊಂಡಳು. ಪಂಚರು ಮೂರು ಸಲವೂ ಟೋಪಿ ತೆಗೆದರು. ಆಮೇಲೆ ಅಂಗಡಿಯ ಕ್ಯಾಸೆಟ್ ಹಾಕಿದಳು.

ಮಡಿವಾಳೆಪ್ಪ ಮುಂದಕ್ಕೆ ಬಗ್ಗಿದ. ಒಂದನೆಯ ಬಾವಲಿ ಅರ್ಧ ಕಿಲೋ ಬೆಲ್ಲ ಕೇಳಿತು. ತೂಕ ಬರೊಬ್ಬರಿ ಬಂತು. ಎರಡನೆಯದು ಬಂತು. ಮಡಿವಾಳೆಪ್ಪ ಗುರುಬಸವ್ವನ ಕೈಯಿಂದ ಹಿಡಿಕೆಯನ್ನು ಮೆಲ್ಲಗೆ ಬಿಡಿಸಿಕೊಂಡ. ಚಹಾ ಆರಿತು, ಉಮಾಶ್ರೀ ಮತ್ತೊಮ್ಮೆ ಕಾಸಿ ತಂದಳು, ಅದೂ ಆರಿತು. ಎಂದೋ ಮಗ್ಗಿ ಮರೆತಿದ್ದ ಶಂಕ್ರೆಪ್ಪ ಪಾವು ಕಿಲೋದ ಲೆಕ್ಕವನ್ನು ಬಾಯಿಯಲ್ಲೇ ಹೇಳತೊಡಗಿದ. ಒಂಬತ್ತೂ ಬಾವಲಿಗಳು ನಮಸ್ಕಾರ ಮಾಡಿ ಹೋದ ಮೇಲೆ ಮಡಿವಾಳೆಪ್ಪ ಹಿಡಿಕೆ ಕೆಳಗಿಟ್ಟು, ಕಣ್ಣೊರೆಸಿಕೊಂಡು, ಮನೆಯ ಹಿರಿಯನಂತೆ ಮಾತಾಡಿದ.

“ಗುರುಬಸವ್ವಾ, ಮದಲ ಏನ ಮಾಡತಿದ್ದ ಇವ? ಕಂದೀಲ ಹಿಡಕೊಂಡ ಗವ್ಯಾಗ ತಿರಗತಿದ್ದ. ಮನಿ ಇಲ್ಲ, ಮಾರ ಇಲ್ಲ, ದಿನಾ ಸಾಯೂದು. ಈಗ ನೋಡು, ವೈರಿಗೋಳು ಸೈತ ಚೀಲಾ ಹಿಡಕೊಂಡ ಅಂಗಡಿಗೆ ಬರಾಕತ್ತಾವ. ಪೋರ ದಾರಿಗೆ ಬಂದಾನವಾ. ನೀ ಯಾಕ ಮಾರಿ ಸಣ್ಣ ಮಾಡ್ಕೊಂಡಿ?”

“ಬಾಗಲಾ ಮಲಗಿಸ್ಯಾರ್ರಿ,” ಅಂದಳು ಗುರುಬಸವ್ವ. “ಅದರ ಹಿಂದ ಏನಿತ್ತು ಅನ್ನೂದನ್ನರೆ ಬರೀರಿ. ನನಗ ಅಷ್ಟ ಸಾಕು.”

ಇದು ನ್ಯಾಯವಾದ ಕೋರಿಕೆ ಎಂದು ಪಂಚರಿಗೂ ಅನ್ನಿಸಿತು. ಬರೆದ ಪಂಚನಾಮೆಯನ್ನು ವಿರೂಪಾಕ್ಷನೇ ಕಟ್ಟೆಯ ಮೇಲೆ ಎರಡು ಸಲ ಓದಿ ಹೇಳಿದ್ದರಿಂದ ಅದರ ಒಕ್ಕಣೆ ಈಗ ಊರಿಗೆಲ್ಲ ಬಾಯಿಪಾಠ ಇದೆ:

‘ಸದರಿ ಪಂಚರಾದ ನಾವು ಗುರುಬಸವ್ವ ಕೋಂ ಬಸವಲಿಂಗಪ್ಪ ಇವರ ಪಡಸಾಲೆಯಲ್ಲಿ ಸಮಕ್ಷಮ ನೋಡಲಾಗಿ, ಪೂರ್ವಕ್ಕೆ ಗೋಡೆ, ಪಶ್ಚಿಮಕ್ಕೆ ಟೀವಿ, ಟೀವಿಯ ಒಳಗೆ ಕಿರಾಣಿ ಅಂಗಡಿ. ಅಂಗಡಿಯು ಚಾಲ್ತಿಯಲ್ಲಿದ್ದು ತೂಕವು ಸಮರ್ಪಕವಾಗಿರುತ್ತದೆ. ಬಾಗಿಲಿನ ಹಿಂದೆ ಏನಿದೆ ಎಂದು ಅರ್ಜಿದಾರರು ವಿಚಾರಿಸಿದ್ದರಿಂದ ಬಗ್ಗಿ ನೋಡಲಾಗಿ, ಸದರಿ ಬಾಗಿಲು ಮಲಗಿರುತ್ತದೆ. ಮಲಗಿದ ಬಾಗಿಲಿಗೆ ಹಿಂದೆ ಎಂಬುದು ಇರುವುದಿಲ್ಲ, ಕೆಳಗೆ ಎಂಬುದು ಮಾತ್ರ ಇರುತ್ತದೆ. ಕೆಳಗೆ ಎರಡು ಖಾಲಿ ಚೀಲಗಳು ಇರುತ್ತವೆ. ಇದಕ್ಕೆ ನಮ್ಮ ಒಪ್ಪಿಗೆ ಅದೆ.’

ಗುರುಬಸವ್ವ ಇದನ್ನು ಕೇಳಿ ಗೋಡೆಗೆ ಒರಗಿ ಕೂತಳು. ಏಳು ವರ್ಷ ಆಕೆ ಆ ಬಾಗಿಲಿನ ಹಿಂದೆ ಒಬ್ಬ ತಾಯಿಯನ್ನು ಇಟ್ಟಿದ್ದಳು, ಒಬ್ಬ ತಮ್ಮನನ್ನು ಇಟ್ಟಿದ್ದಳು, ಒಂದೊಂದು ದಿನ ದೀಪ ಹಚ್ಚಿದ ಒಂದು ಇಡೀ ಊರನ್ನೇ ಇಟ್ಟಿದ್ದಳು. ಸರಕಾರಕ್ಕೆ ಸಿಕ್ಕದ್ದು ಎರಡು ಖಾಲಿ ಚೀಲ. ಆದರೂ ತಕರಾರು ಇನ್ನೂ ಬಾಕಿ ಇತ್ತು, ಆಕೆಯ ಆಸೆಯೆಲ್ಲ ಅದರ ಮೇಲೆ ನಿಂತಿತು.

ಅದೇ ಸಂಜೆ ಚಾವಡಿಯ ಗೋಡೆಗೆ ನೋಟೀಸು ಹಚ್ಚಲಾಯಿತು. ‘ಕಂದೀಲಪ್ಪ, ತಂದೆಯ ಹೆಸರು ತಿಳಿದುಬಂದಿಲ್ಲ, ಈತನು ದಿನಂಪ್ರತಿ ಮಯತನಾಗುತ್ತಿದ್ದು, ಈತನ ಕಂದೀಲು ಒಂದು, ಬಾಗಿಲು ಒಂದು, ಇವುಗಳಿಗೆ ಅಂಗಡಿ ಕಂದೀಲಪ್ಪ ಎಂಬವನು ವಾರಸದಾರನೆಂದು ಅರ್ಜಿ ಬಂದಿರುತ್ತದೆ. ತಕರಾರು ಇದ್ದವರು ಮೂವತ್ತು ದಿನಗಳ ಒಳಗಾಗಿ ಹಾಜರಾಗತಕ್ಕದ್ದು.’ ಮೂವತ್ತು ದಿನ ಕಾದರೆ ವಿಲೇವಾರಿ ಮಾಸ ಕೈಬಿಟ್ಟು ಹೋಗುತ್ತದೆ. ಆದಕಾರಣ ನೋಟೀಸಿಗೆ ಮೇ ತಿಂಗಳ ತಾರೀಖು ಹಾಕಲಾಗಿತ್ತು. ಹಚ್ಚಿದ ಅಂಟು ಆರುವ ಮೊದಲೇ ಗಡುವು ಮುಗಿದುಹೋಯಿತು.

ಬುಧವಾರ ಮುಂಜಾನೆ ಗುರುಬಸವ್ವ ತಕರಾರಿನ ಅರ್ಜಿ ಹಿಡಿದು ಬಂದಾಗ ಗಡುವು ನಿನ್ನೆಗೆ ತೀರಿದೆ ಎಂದು ವಿರೂಪಾಕ್ಷ ವಿಷಾದದಿಂದ ತಿಳಿಸಿದ. ನಿನ್ನೆ ತಾನೇ ಹಚ್ಚಿದಿರಲ್ಲ ಎಂದು ಆಕೆ ಕೇಳಿದಳು. ಹಚ್ಚಿದ್ದು ನಿನ್ನೆ, ತಾರೀಖು ಹಿಂದಿನದು, ಎರಡೂ ಬೇರೆ ಬೇರೆ ಕಲಮಿಗೆ ಬರುತ್ತವೆ ಎಂದು ಅವನು ವಿವರಿಸಿದ. ಆಕೆಯ ಕಣ್ಣಿನಲ್ಲಿ ನೀರು ನೋಡಿ ಅವನು ನಿಯಮ ತಿರುವಿ ಒಂದು ದಾರಿ ಹುಡುಕಿದ. ಮಯತನ ಹತ್ತಿರದ ಸಂಬಂಧಿಕರು ಗಡುವು ಮೀರಿಯೂ ತಕರಾರು ಕೊಡಬಹುದು. ಸಂಬಂಧವನ್ನು ಮಾತ್ರ ನಮೂದಿಸಬೇಕು.

“ಅವ ನಿಮಗ ಏನಾಗಬೇಕ್ರಿ?”

ಇಲ್ಲಿ ಇನ್ನೂ ತುಸು ಹತ್ತಿರ ಬರ್ರಿ. ಚಾವಡಿಯಲ್ಲಿ ಆಗ ಹದಿನಾರು ಮಂದಿ ಇದ್ದರು. ಮದುವೆಯಾಗಿ ನಲವತ್ತು ವರ್ಷವಾದ ಹೆಂಗಸು, ಹನ್ನೆರಡು ವರ್ಷದಿಂದ ಪಡಸಾಲೆಯಲ್ಲಿ ಒಬ್ಬ ಪರಗಂಡಸಿನ ಜೊತೆ ಇದ್ದು, ಅವನು ಏನಾಗಬೇಕೆಂದು ಕೇಳಿದರೆ ಸೆರಗು ಮುಂದಕ್ಕೆ ಎಳೆದುಕೊಂಡಳು. ಗುರುಬಸವ್ವನಿಗೆ ಉತ್ತರ ಗೊತ್ತಿತ್ತು. ನಮೂನೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮಗ, ಗಂಡ, ಅಣ್ಣ, ತಮ್ಮ, ಇತರೆ, ಇಷ್ಟೇ ಇದ್ದವು. ಇತರೆ ಎಂದು ಬರೀರಿ ಅಂದಳು. ಇತರೆ ಎಂದು ಬರೆದರೆ ಊರಿನಲ್ಲಿ ಬೇರೆ ಅರ್ಥ ಆಗುತ್ತದೆ, ದತ್ತಕ ಮಗ ಎಂದು ಬರೆಯೋಣ ಎಂದು ವಿರೂಪಾಕ್ಷ ಆಕೆಯ ಮಾನ ಕಾಪಾಡಿದ. ಅದಕ್ಕೆ ಗಂಡನ ಒಪ್ಪಿಗೆ ಬೇಕು. ಬಸವಲಿಂಗಪ್ಪನನ್ನು ಹೊಲದಿಂದ ಕರೆಸಲಾಯಿತು. ಅವನು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಮಾಡಿದ.

“ಅವಗ ಉಣ್ಣಾಕ ಹಾಕಬೇಕೇನು?”

ಇಲ್ಲ ಅಂದಳು.

“ಹಂಗಾರ ತಗೋ.”

ಮಧುವಿನ ಒಪ್ಪಿಗೆಯನ್ನು ಕಟ್ಟೆಯ ಮೇಲೆಯೇ ಪಡೆಯಲಾಯಿತು. ಅವನು ಕಾಗದ ಓದಲಿಲ್ಲ, ಪೆನ್ನು ವಾಪಸು ಕೊಡಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ತಕರಾರಿನ ವಿಚಾರಣೆ ನಡೆಯಿತು. ಗುರುಬಸವ್ವ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ನಮ್ಮ ಕಂದೀಲಪ್ಪ ಕತ್ತಲೆಗೆ ಅಂಜುತ್ತಿರಲಿಲ್ಲ, ಸತ್ತರೂ ಎದ್ದು ಮತ್ತೆ ಗವಿಗೆ ಹೋಗುತ್ತಿದ್ದ, ಅವನಿಗೆ ಆ ಬಾಗಿಲೊಂದೇ ಗುರಿ ಇತ್ತು. ಈ ಅಂಗಡಿಯವನಿಗೆ ಬಾಗಿಲೆಂದರೆ ಬೆಲ್ಲ ಇಡುವ ಹಲಗೆ. ಮುಖ ಒಂದೇ ಇದ್ದರೆ ಮನುಷ್ಯ ಒಂದೇ ಆಗುತ್ತಾನೇನು ಎಂದು ಕೇಳಿದಳು. ಚಾವಡಿಯಲ್ಲಿ ಒಬ್ಬಿಬ್ಬರು ಹೆಂಗಸರು ತಮ್ಮ ತಮ್ಮ ಗಂಡಂದಿರನ್ನು ನೆನೆದು ನಿಟ್ಟುಸಿರು ಬಿಟ್ಟರು. ವಿರೂಪಾಕ್ಷ ಎಲ್ಲವನ್ನೂ ಬರೆದುಕೊಂಡ. ಐದಕ್ಕೆ ಹತ್ತು ನಿಮಿಷ ಇರುವಾಗ ಆದೇಶ ಓದಿದ.

‘ತಕರಾರುದಾರರು ಮಯತನ ತಾಯಿ ಎಂದು ಒಪ್ಪಿರುತ್ತಾರೆ. ವಾರಸದಾರನು ಮಯತನ ಪೀಳಿಗೆಯಾದ್ದರಿಂದ ಇವರ ಮೊಮ್ಮಗನಾಗುತ್ತಾನೆ. ಮೊಮ್ಮಗನು ಗವಿಗೆ ಹೋಗದೆ ಅಂಗಡಿ ಹಾಕಿದ್ದಾನೆ ಎಂಬುದು ಮನೆತನದ ಮಾತಾಗಿದ್ದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಪಂಚರ ಹೇಳಿಕೆಯಂತೆ ತೂಕವು ಸಮರ್ಪಕ. ತಕರಾರು ವಜಾ. ಅಂಗಡಿ ಕಂದೀಲಪ್ಪನೇ ಖರೆ ವಾರಸದಾರ.’

ಶಿಕ್ಕಾ ಬಿತ್ತು. ನೂರನೆಯ ಪ್ರಕರಣ ವಿಲೇವಾರಿಯಾಯಿತು. ಮುಂದಿನ ವಾರ ವಿರೂಪಾಕ್ಷನಿಗೆ ಶಾಲು ಹೊದಿಸಿದರು, ಊರಿನ ಮುದುಕರು ಧಾರಾಳವಾಗಿ ಕೆಮ್ಮಿದರು.

ಗುರುಬಸವ್ವ ಕಾಗದ ಹಿಡಿದು ಮಾಂತೇಶನ ಹತ್ತಿರ ಹೋದಳು. ಬರೆದದ್ದು ಏನೇ ಇರಲಿ, ಶಿಕ್ಕಾ ನೋಡಿಯಾದರೂ ಕಂಪನಿಯವರು ಅಂಜಬಹುದು ಎಂಬ ಕಡೆಯ ಆಸೆ. ಮಾಂತೇಶ ಕಾಗದವನ್ನು ನಿಂತು ಪೂರ್ತಿ ಓದಿದ. ಕೈ ಮುಗಿದ. ಝೆರಾಕ್ಸ್ ಮಾಡಿಸಿ, ಕನ್ನಡಿಯ ಕಟ್ಟು ಹಾಕಿಸಿ, ಸರಕಾರದಿಂದ ಖರೆ ಎಂದು ಸಿದ್ಧವಾದ ಏಕೈಕ ಕ್ಯಾಸೆಟ್ ಎಂದು ಅಂಗಡಿಯ ಮುಂದೆ ತೂಗುಹಾಕಿದ. ಮುರಗೋಡ, ಮನೋಳಿ ಕಡೆಯಿಂದಲೂ ಮಂದಿ ಬಂದು ಒಯ್ದರು. ನಾಲ್ಕನೆಯದರ ಮಾತು ತೆಗೆದಾಗ, ಇನ್ನ ಯಾಕ ಬೇಕ ಯವ್ವಾ, ನಿಮ್ಮ ಮೊಮ್ಮಗಾ ಬಂದಾನಲ್ಲ ಅಂದ. ಹಡಗಿನ ಹೆಸರು ಎತ್ತುವುದನ್ನೂ ಬಿಟ್ಟುಬಿಟ್ಟ.

ಊರು ಬಹಳ ಸಂತೋಷಪಟ್ಟಿತು. ದಾರಿಯಲ್ಲಿ ಸಿಕ್ಕವರೆಲ್ಲ, ಅಂಗಡಿ ಹಾಕ್ಯಾನಂತಲ್ಲ, ಚೊಲೊ ಆತು ಬಿಡವಾ, ಇನ್ನ ನಿಮಗ ಕಾಳಜಿ ಇಲ್ಲ ಎಂದು ಗುರುಬಸವ್ವನಿಗೆ ಹೇಳಿದರು. ರೇಶನ್ ಕಾರ್ಡಿನಲ್ಲಿ ಕಂದೀಲಪ್ಪನ ಹೆಸರು ಏರಿತು, ಮನೆತನಕ್ಕೆ ಸೀಮೆಎಣ್ಣೆ ಒಂದು ಲೀಟರ್ ಹೆಚ್ಚಿತು. ಬಸವಲಿಂಗಪ್ಪ ದತ್ತಕದ ವಿಷಯದಲ್ಲಿ ಮೊದಲ ಸಲ ಖುಷಿಯಾದ. ಮಡಿವಾಳೆಪ್ಪ, ಶಂಕ್ರೆಪ್ಪ ದಿನಾ ಮಧ್ಯಾಹ್ನ ಬಂದು ಪಡಸಾಲೆಯಲ್ಲಿ ಅಂಗಡಿ ತೆರೆದು ಕೂಡುತ್ತಿದ್ದರು, ದೀಪ ಹಚ್ಚುವ ಹೊತ್ತಿಗೆ ಬಂದ್ ಮಾಡಿ ಹೋಗುತ್ತಿದ್ದರು. ಅಮಾವಾಸ್ಯೆಗೆ ರಜೆ. ಇತ್ತ ಹಿಡಿಕೆ ಗುರುಬಸವ್ವನ ಕೈಗೆ ಸಿಗದಂತಾಯಿತು. ತನ್ನ ಮನೆಯಲ್ಲಿ ತಾನು ಚಹಾ ಕಾಸಿ ಕೊಡುವವಳಾದಳು.

ಒಬ್ಬಳಾದರೂ ತನ್ನ ಕಡೆ ಇದ್ದಾಳೆ ಎಂದು ಆಕೆ ನಂಬಿದ್ದಳು. ಮೂರೂ ಕ್ಯಾಸೆಟ್ ನೋಡಿದವಳು, ಬಾಗಿಲು ಅಲುಗಿದ್ದನ್ನು ಕಣ್ಣಾರೆ ಕಂಡವಳು ಊರಿನಲ್ಲಿ ಇನ್ನೊಬ್ಬಳು ಯಾರಿದ್ದಾಳೆ? ಒಂದು ಮಧ್ಯಾಹ್ನ ಪಂಚರು ಒಳಗೆ ಶೇಂಗಾ ತೂಗುತ್ತಿರುವಾಗ ಗುರುಬಸವ್ವ ಹಿತ್ತಲಿಗೆ ಹೋಗಿ ಕಿಡಕಿಯ ಕೆಳಗೆ ನಿಂತು ಕಾಡವ್ವನನ್ನು ಕರೆದಳು. ಊರ ಮಂದಿ ಬಿಡು, ಚಾವಡಿ ಬಿಡು, ನೀನು ಹೇಳು, ಅಲ್ಲಿ ಕೂತವನು ನಮ್ಮ ಕಂದೀಲಪ್ಪ ಹೌದೇನು ಎಂದು ಕೇಳಿದಳು. ಕಾಡವ್ವ ಒಲೆಯ ಉರಿ ಹಿಂದಕ್ಕೆ ಎಳೆದಳು, ಕೈಯನ್ನು ಸೆರಗಿಗೆ ಒರೆಸಿದಳು, ಕಿಡಕಿಯ ಸರಳು ಹಿಡಿದು ಮುಖಕ್ಕೆ ಮುಖ ಕೊಟ್ಟು ಹೇಳಿದಳು.

“ಅವನ ಹೌದ ಯಕ್ಕಾ. ಅವಗ ಸಾಕಾಗಿತ್ತು. ಆ ಬಾಗಲಾ ತಗದಿದ್ರ ನೀ ಮತ್ತ ಒಂಬತ್ತ ಗವಿ ತಿರಗಸ್ತಿದ್ದಿ. ಅದ ಗೊತ್ತಾಗೇ ಅವ ಬಾಗಲಾ ಕಿತ್ತ ಅಡ್ಡ ಹಾಕ್ಕೊಂಡ ಕುಂತಾನ. ಕುಂದರ್ಲಿ ಬಿಡು.”